ಬೈಗುಳಕ್ಕೆ ಗಮನ ನಿಲ್ಲುವುದಿಲ್ಲ

ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವ ರೈಲು ಕವಲಂದೆ ದಾಟಿದ ಮೇಲೆ ಬದನಗುಪ್ಪೆಯಲ್ಲಿ ನಿಲ್ಲುತ್ತದೆ. ಒಂದು ಕಾಲಕ್ಕೆ ಹೊಲಗಳೇ ಕಾಣುತ್ತಿದ್ದ ಈ ಬಯಲಿನಲ್ಲಿ ಈಗ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. ಅಪ್ಪ ಉತ್ತು ಬಿತ್ತಿದ ಸೀಮೆಯಲ್ಲಿ ಮಗ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಜಮೀನಿಗೆ ಪರಿಹಾರ ಎಷ್ಟು ಸಿಕ್ಕಿತು, ಊರಿನವರಿಗೆ ಕೆಲಸ ಎಷ್ಟು ಸಿಕ್ಕಿತು ಎಂದು ಜನ ಕೇಳುತ್ತಲೇ ಇದ್ದಾರೆ, ಕೇಳಲೇಬೇಕು. ನಾನಿಲ್ಲಿ ಕೇಳುವುದು ಬೇರೆ ಪ್ರಶ್ನೆ. ಹೊಲ ಬಿಟ್ಟು ಕಾರ್ಖಾನೆಯ ಗೇಟಿಗೆ ಬಂದ ಮನುಷ್ಯನ ಹೊತ್ತು ಏನಾಯಿತು?

ಬೇಸಾಯದ ಕೆಲಸ ತನ್ನ ಹೊತ್ತನ್ನು ತಾನೇ ಹೇಳುತ್ತದೆ. ಹದ ಆರುವ ಮೊದಲು ಬಿತ್ತಬೇಕು. ಹಸು ಕೂಗಿದಾಗ ಹಾಲು ಕರೆಯಬೇಕು. ತ್ರೀ ಫೇಸ್ ಕರೆಂಟು ಬಂದಾಗ ಪಂಪು ಹಾಕಬೇಕು, ಅದು ನಡುರಾತ್ರಿಯಾದರೂ ಸರಿ. ಸಂತೇಮರಹಳ್ಳಿ, ಕೊಳ್ಳೇಗಾಲದ ಕಡೆ ರೇಷ್ಮೆ ಸಾಕಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವವರೆಗೆ ಇಪ್ಪತ್ತೈದು ದಿನದ ಆಸುಪಾಸು. ಅದರ ನಡುವೆ ನಾಲ್ಕು ಜ್ವರ, ಅಂದರೆ ಹುಳು ಪೊರೆ ಬಿಡುವ ಹೊತ್ತು. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಎದ್ದ ಕೂಡಲೇ ಸೊಪ್ಪು ಬೇಕು. ನಾಲ್ಕನೇ ಜ್ವರದಿಂದ ಎದ್ದ ಮೇಲಂತೂ ಹುಳು ಸೊಪ್ಪು ಮೇಯುವ ಸದ್ದು ಮನೆಯೆಲ್ಲ ಕೇಳಿಸುತ್ತದೆ. ಅಲ್ಲಿ ಯಾರೂ ಕೆಲಸದ ಪಟ್ಟಿ ಬರೆದಿಟ್ಟುಕೊಳ್ಳುವುದಿಲ್ಲ. ಕೆಲಸ ಕಣ್ಣೆದುರೇ ಇರುತ್ತದೆ, ಸದ್ದು ಮಾಡುತ್ತದೆ, ತಪ್ಪಿದರೆ ನಷ್ಟವನ್ನು ನಾಳೆಯೇ ತೋರಿಸುತ್ತದೆ.

ಪಾಳಿಯ ಬದುಕಿನಲ್ಲಿ ಹಾಗಲ್ಲ. ಈ ವಾರ ಹಗಲು, ಮುಂದಿನ ವಾರ ರಾತ್ರಿ. ಬೆರಳಚ್ಚಿನ ಯಂತ್ರಕ್ಕೆ ಹತ್ತು ನಿಮಿಷದ ತಡವೂ ತಡವೇ. ಬೈಕಿನ ಕಂತಿಗೆ ಒಂದು ತಾರೀಖು, ವಿಮೆಗೆ ಇನ್ನೊಂದು, ಮಗುವಿನ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದಕ್ಕೆ ಮತ್ತೊಂದು. ಈ ತಾರೀಖುಗಳಿಗೆ ಹಸಿವಿಲ್ಲ, ಅವು ಕೂಗುವುದಿಲ್ಲ. ಅವನ್ನು ತಲೆಯೊಳಗೇ ಹೊತ್ತು ತಿರುಗಬೇಕು. ಬಹಳಷ್ಟು ಜನ ಹೊರುತ್ತಾರೆ. ಕೆಲವರಿಂದ ಎಷ್ಟು ಹೆಣಗಿದರೂ ಆಗುವುದಿಲ್ಲ. ಅವರಿಗೆ ನಾವು ಇಟ್ಟ ಹೆಸರುಗಳಿವೆ: ಸೋಂಬೇರಿ, ಮರೆಗುಳಿ, ಬೇಜವಾಬ್ದಾರಿ, ಕಾಲಿಗೆ ಚಕ್ರ ಕಟ್ಟಿಕೊಂಡವನು. ಹೆಣ್ಣಾದರೆ ಅಚ್ಚುಕಟ್ಟಿಲ್ಲದವಳು. ‘ನಿನ್ ಗ್ಯಾನ ಎಲ್ಲದ ಮಗ?’ ಎಂಬುದನ್ನು ಬುದ್ಧಿ ತಿಳಿದಾಗಿನಿಂದ ಕೇಳಿಸಿಕೊಂಡೇ ಬೆಳೆದವರು ಇವರು.

ಇವರಲ್ಲಿ ಒಂದಷ್ಟು ಜನರಿಗೆ ಇರುವುದು ವಯಸ್ಕರ ಎಡಿಎಚ್‌ಡಿ. ಗಮನ, ತಾಳ್ಮೆ, ಹೊತ್ತಿನ ಅಂದಾಜು ಇವನ್ನೆಲ್ಲ ನಿಭಾಯಿಸುವ ಮಿದುಳಿನ ವ್ಯವಸ್ಥೆ ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಕೆಲಸ ಮಾಡುವ ಸ್ಥಿತಿ ಅದು. ಅಂಥವರಿಗೆ ಬೈಗುಳ ಎಂದೂ ಮದ್ದಾಗಿಲ್ಲ ಎಂಬುದು ನನ್ನ ವಾದ. ಊರವರು ಬೈಯಲಿ, ಮನೆಯವರು ಬೈಯಲಿ, ತಮ್ಮನ್ನು ತಾವೇ ಬೈದುಕೊಳ್ಳಲಿ, ತೊಂದರೆ ಬೆಳೆಯುತ್ತದೆ. ತನ್ನ ಬಗ್ಗೆ ತಾನು ಕರುಣೆ ಇಟ್ಟುಕೊಳ್ಳುವುದನ್ನು ನಾವು ಎಲ್ಲ ಸರಿಹೋದ ಮೇಲೆ ಸಿಗುವ ಸಮಾಧಾನ ಎಂದುಕೊಂಡಿದ್ದೇವೆ. ಅದು ಮೊದಲು ಬೇಕು. ಅದಿಲ್ಲದೆ ಯಾವ ಉಪಾಯವೂ ಎರಡು ವಾರ ಬಾಳುವುದಿಲ್ಲ.

‘ಇದೆಲ್ಲ ಮೊಬೈಲ್ ಬಂದ ಮೇಲಿನ ಕಾಯಿಲೆ’ ಎನ್ನುವವರಿಗೆ ಮೊದಲು ಉತ್ತರ ಕೊಡಬೇಕು. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ಒಂದೆಡೆ ನಿಲ್ಲದವರ ಚಡಪಡಿಕೆಯನ್ನು ತನ್ನ ಪುಸ್ತಕದಲ್ಲಿ ವಿವರಿಸಿದ್ದು 1798ರಲ್ಲಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದರು. ಬುದ್ಧಿಗೆ ಕೊರತೆಯಿಲ್ಲದ ಮಕ್ಕಳು ಯಾಕೆ ಹೀಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಫೋನು ಎಲ್ಲರ ಗಮನವನ್ನೂ ಕದಿಯುತ್ತದೆ, ಇವರದನ್ನು ಇನ್ನೂ ಸುಲಭವಾಗಿ ಕದಿಯುತ್ತದೆ. ಹಾಗೆಂದು ಫೋನೇ ಕಾರಣವಾಗುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಗಮನಕ್ಕೆ ಬಂದ ತೊಂದರೆಯನ್ನು ವೈದ್ಯರು ಎಡಿಎಚ್‌ಡಿ ಎಂದು ಒಪ್ಪುವುದೂ ಇಲ್ಲ. 2013ರಿಂದ ಬಳಕೆಯಲ್ಲಿರುವ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ ಮತ್ತು ಕೆಲಸದಂಥ ಎರಡು ಕಡೆಗಳಲ್ಲಾದರೂ ಬದುಕಿಗೆ ಅಡ್ಡಿ ಮಾಡುತ್ತಿರಬೇಕು.

‘ಯಾರಿಗಿಲ್ಲ ಮರೆವು?’ ಎನ್ನುವುದು ಎರಡನೇ ಮಾತು. ಎಲ್ಲರಿಗೂ ಇದೆ, ಅದಕ್ಕೇ ಇವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅಡ್ಡಿಯ ಪ್ರಮಾಣ ಎಷ್ಟು, ಅದು ಎಷ್ಟು ವರ್ಷದಿಂದ ಬಿಡದೆ ನಡೆದಿದೆ ಎಂಬುದರಲ್ಲಿ ವ್ಯತ್ಯಾಸವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಬಾಲ್ಯದಿಂದಲೇ ಬಂದ ಎಡಿಎಚ್‌ಡಿ ಇರುವ ವಯಸ್ಕರನ್ನು ಶೇ. 2.58 ಎಂದು ಲೆಕ್ಕ ಹಾಕಿತು. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷ ದಾಟಿತ್ತು. ಆ ಶೇಕಡಾವನ್ನು ಇಲ್ಲಿಗೂ ಹಿಡಿದರೆ, ಅಂದಾಜಿಗೇ ಆಗಲಿ, ಜಿಲ್ಲೆಯಲ್ಲಿ ಹದಿನೈದು ಸಾವಿರಕ್ಕಿಂತ ಹೆಚ್ಚು ದೊಡ್ಡವರು ಹೀಗೆ ಬದುಕುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ತಮಗಿರುವುದಕ್ಕೆ ಒಂದು ಹೆಸರಿದೆ ಎಂದೇ ಗೊತ್ತಿಲ್ಲ ಎಂಬುದು ನನ್ನ ನಂಬಿಕೆ. ಬೈಗುಳದ ಹೆಸರುಗಳಷ್ಟೇ ಗೊತ್ತು.

ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ಶೇ. 74ರ ಆಸುಪಾಸು. ಕುಟುಂಬಗಳೊಳಗೆ ಇದು ಹೇಗೆ ಆಡುತ್ತದೆ ಎಂದು ಸ್ವಲ್ಪ ನಿಂತು ಯೋಚಿಸಬೇಕು. ಹೇಳಿದ ಹೊತ್ತಿಗೆ ಬಾರದ ಮಗನನ್ನು ಜಗಲಿಯ ಮೇಲೆ ನಿಂತು ಬೈಯುವ ಎಷ್ಟೋ ಅಪ್ಪಂದಿರು ತಮ್ಮ ಕಾಲದಲ್ಲಿ ತಾವೂ ಶಾಲೆ ಬಿಟ್ಟವರು, ಕೈಹಾಕಿದ ವ್ಯಾಪಾರವನ್ನು ಅರ್ಧಕ್ಕೆ ಬಿಟ್ಟವರು, ಮೂಗಿನ ಮೇಲೆ ಸಿಟ್ಟಿದ್ದವರು. ಹೊಲ, ದನ, ಮಳೆ ಸೇರಿ ಅವರನ್ನು ಒಂದು ಕಟ್ಟಿನಲ್ಲಿ ಹಿಡಿದಿಟ್ಟಿದ್ದವು. ಬೆಳಗಿನ ಜಾವ ಎಬ್ಬಿಸುವ ಹಸು, ಜೊತೆಗೆ ಕಳೆ ಕೀಳುವ ಹತ್ತು ಜನ, ಮೈ ದಣಿಯುವ ದುಡಿಮೆ. ಮಗನಿಗೆ ಆ ಕಟ್ಟು ಸಿಗಲಿಲ್ಲ. ತನ್ನಲ್ಲೂ ಇದ್ದದ್ದನ್ನು ಅಪ್ಪ ಮಗನಲ್ಲಿ ಕಂಡು ಹೆದರುತ್ತಾನೆ, ಹೆದರಿಕೆ ಬೈಗುಳವಾಗಿ ಹೊರಬರುತ್ತದೆ. ಆ ಅಪ್ಪನ ಮೇಲೂ ನನಗೆ ಕೋಪವಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ.

ಆದರೆ ಇದರಿಂದ ಹಳ್ಳಿಯ ಹಳೆಯ ಬದುಕು ಇವರಿಗೆ ಸ್ವರ್ಗವಾಗಿತ್ತು ಎಂಬ ತೀರ್ಮಾನಕ್ಕೆ ಹಾರಬಾರದು. ಕೆನ್ಯಾದ ಅರಿಯಾಲ್ ಪಶುಪಾಲಕರ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಬಂತು. ಎಡಿಎಚ್‌ಡಿ ಜೊತೆ ಸಂಬಂಧವಿದೆ ಎನ್ನಲಾದ ಒಂದು ವಂಶವಾಹಿ ರೂಪ ಇದ್ದವರಲ್ಲಿ, ದನಗಳ ಜೊತೆ ಅಲೆಯುವವರು ಮೈಕೈ ತುಂಬಿಕೊಂಡಿದ್ದರು, ಒಂದೆಡೆ ನೆಲೆನಿಂತವರು ಸೊರಗಿದ್ದರು. ಕುತೂಹಲದ ಸಂಗತಿ, ಆದರೆ ಒಂದೇ ಒಂದು ವಂಶವಾಹಿಯ ಮೇಲೆ ಇಷ್ಟು ದೊಡ್ಡ ಕಥೆ ಕಟ್ಟಲಾಗದು. ನಮ್ಮ ಹಳ್ಳಿಗಳಲ್ಲೂ ಇಂಥವರು ಸಾಲಕ್ಕೆ ಸಿಕ್ಕಿದ್ದಾರೆ, ಕುಡಿತಕ್ಕೆ ಬಿದ್ದಿದ್ದಾರೆ, ಜಗಳದಲ್ಲಿ ಮುರಿದಿದ್ದಾರೆ. ಹಳೆಯ ಬದುಕಿನಿಂದ ನಾನು ತೆಗೆದುಕೊಳ್ಳುವುದು ಒಂದನ್ನು ಮಾತ್ರ. ಹೊತ್ತು ಮನುಷ್ಯನ ಹೊರಗೆ, ಕಣ್ಣಿಗೆ ಕಿವಿಗೆ ಸಿಗುವಂತೆ ಇದ್ದಾಗ ಇವರು ಕೆಲಸ ಮಾಡಬಲ್ಲರು. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ದಶಕಗಳಿಂದ ಹೇಳುತ್ತ ಬಂದಿರುವುದೂ ಹೆಚ್ಚುಕಡಿಮೆ ಇದನ್ನೇ. ಏನು ಮಾಡಬೇಕೆಂದು ಇವರಿಗೆ ಗೊತ್ತಿರುತ್ತದೆ, ಗೊತ್ತಿರುವುದನ್ನು ಆ ಹೊತ್ತಿಗೆ ಆ ಜಾಗದಲ್ಲಿ ಮಾಡುವುದರಲ್ಲಿ ತೊಡಕು. ಆದ್ದರಿಂದ ನೆರವು ಸಿಗಬೇಕಾದ್ದೂ ಅಲ್ಲಿಯೇ, ಉಪದೇಶದ ಕೋಣೆಯಲ್ಲಿ ಅಲ್ಲ.

ಈಗ ಕರುಣೆಯ ಮಾತಿಗೆ ಬರುತ್ತೇನೆ. ವಿಚಾರವಂತ ಓದುಗರೇ ಇಲ್ಲಿ ಹೆಚ್ಚು ಅನುಮಾನಿಸುವುದನ್ನು ನೋಡಿದ್ದೇನೆ. ‘ಬೈದರೂ ಆಗದ್ದು ಮುದ್ದಿಸಿದರೆ ಆಗುತ್ತದೆಯೇ? ಮೊದಲೇ ತಪ್ಪಿಸಿಕೊಳ್ಳುವವನಿಗೆ ಇನ್ನೊಂದು ನೆಪ ಸಿಕ್ಕಂತಾಗುವುದಿಲ್ಲವೇ?’

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಮೂವತ್ತರ ಒಬ್ಬನನ್ನು ಊಹಿಸಿಕೊಳ್ಳಿ. ಬೈಕಿನ ವಿಮೆ ಮುಗಿಯುವ ದಿನ ಬಂತು, ನೆನಪಾಗಲಿಲ್ಲ. ವಾರದ ಮೇಲೆ ನೆನಪಾಯಿತು. ಆ ಕ್ಷಣದಲ್ಲಿ ಅವನಿಗೆ ಮೊದಲು ಬರುವುದು ವಿಮೆಯ ಯೋಚನೆಯಲ್ಲ, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬ, ಹತ್ತಾರು ದನಿಗಳಲ್ಲಿ ಕೇಳಿ ಬಾಯಿಪಾಠವಾಗಿರುವ ಮಾತು. ಆ ಮಾತು ಸುಡುತ್ತದೆ. ಸುಡುವುದರಿಂದ ಕೈ ಹಿಂದಕ್ಕೆಳೆಯುವುದು ಸಹಜ, ಹಾಗಾಗಿ ಅವನು ಫೋನು ತೆಗೆದು ಬೇರೇನೋ ನೋಡತೊಡಗುತ್ತಾನೆ. ವಿಮೆ ನಾಳೆಗೆ ಹೋಯಿತು. ನಾಳೆ ಅದನ್ನು ನೆನೆದರೆ ವಿಮೆಯ ಜೊತೆಗೆ ನಿನ್ನೆಯ ನಾಚಿಕೆಯೂ ನೆನಪಾಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಐದು ನಿಮಿಷದ ಕೆಲಸ ಮುಟ್ಟಲಾರದಷ್ಟು ಭಾರವಾಗಿದೆ. ಪೊಲೀಸರು ಗಾಡಿ ಹಿಡಿದ ದಿನ ದಂಡ ಕಟ್ಟುತ್ತಾನೆ, ಮನೆಯಲ್ಲಿ ಸುಳ್ಳು ಹೇಳುತ್ತಾನೆ, ಸುಳ್ಳು ಬಯಲಾಗುತ್ತದೆ. ಎಡಿಎಚ್‌ಡಿಯ ಪಾಲು ಮೊದಲ ಮರೆವು ಮಾತ್ರ. ಆಮೇಲಿನದೆಲ್ಲ ನಾಚಿಕೆಯ ಕೆಲಸ.

ಇದಕ್ಕೆ ಪುರಾವೆ ಇದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕ್ಷಮಿಸಿಕೊಂಡವರು ಸಡಿಲವಾಗುತ್ತಾರೆ ಎಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗಾಗಿದೆ. 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಸೋತ ಮೇಲೆ ತಮ್ಮನ್ನು ಕರುಣೆಯಿಂದ ನೋಡಿಕೊಳ್ಳುವಂತೆ ಹೇಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ಎಡಿಎಚ್‌ಡಿ ಇರುವ ವಯಸ್ಕರನ್ನೇ ನೇರವಾಗಿ ನೋಡಿದ, ಬ್ರಿಟನ್ನಿನ ಡ್ಯಾನಿಯೆಲ್ ಬೀಟನ್ ಮತ್ತು ಸಂಗಡಿಗರ 2020ರ ಅಧ್ಯಯನ ಇನ್ನೊಂದು ಅಂಶ ತೋರಿಸಿತು. ಇವರಲ್ಲಿ ತಮ್ಮ ಬಗೆಗಿನ ಕರುಣೆ ಉಳಿದವರಿಗಿಂತ ಕಡಿಮೆ, ಸುತ್ತಲಿನವರಿಂದ ಟೀಕೆ ಬರುತ್ತಿದೆ ಎಂಬ ಅನುಭವ ಹೆಚ್ಚು, ಇವೆರಡಕ್ಕೂ ಸಂಬಂಧವಿದೆ. ಕರುಣೆಯ ಕೊರತೆ ಇವರು ಹುಟ್ಟುವಾಗ ತಂದದ್ದಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಕೇಳಿಸಿಕೊಂಡ ಮಾತುಗಳು ಒಳಗೆ ಮನೆ ಮಾಡಿವೆ.

ಈ ಕರುಣೆಯನ್ನು ಅಧ್ಯಯನದ ವಿಷಯವಾಗಿಸಿದ ಅಮೆರಿಕದ ಕ್ರಿಸ್ಟಿನ್ ನೆಫ್ 2003ರಿಂದಲೂ ಹೇಳುತ್ತಿರುವುದು ಲಾಲಿ ಹಾಡುವುದರ ಬಗ್ಗೆ ಅಲ್ಲ. ಕಷ್ಟದಲ್ಲಿರುವ ಗೆಳೆಯನ ಜೊತೆ ಆಡುವ ದನಿಯಲ್ಲೇ ತನ್ನ ಜೊತೆಗೂ ಮಾತಾಡುವುದು, ಈ ಎಡವಟ್ಟು ತನಗೊಬ್ಬನಿಗೇ ಬಂದದ್ದಲ್ಲ ಎಂದು ತಿಳಿಯುವುದು, ಆದದ್ದನ್ನು ದೊಡ್ಡದೂ ಮಾಡದೆ ಮುಚ್ಚಿಯೂ ಇಡದೆ ನೋಡುವುದು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ‘ವಿಮೆ ಮುಗಿದು ಏಳು ದಿನ ಆಗಿದೆ’ ಎಂದು ನೋಡಬಲ್ಲವನು ಈಗಲೇ ಕಟ್ಟಬಲ್ಲ. ಕಂತು ಕಟ್ಟಲೇಬೇಕು, ಕೊಟ್ಟ ಮಾತು ತಪ್ಪಿದ್ದಕ್ಕೆ ಎದುರಿನವರಲ್ಲಿ ಕ್ಷಮೆ ಕೇಳಲೇಬೇಕು. ಕರುಣೆ ಇವುಗಳಲ್ಲಿ ಒಂದನ್ನೂ ರದ್ದು ಮಾಡುವುದಿಲ್ಲ. ಇವುಗಳ ಎದುರು ನಿಲ್ಲುವ ತ್ರಾಣ ಕೊಡುತ್ತದೆ ಅಷ್ಟೆ. ‘ನನಗೆ ಎಡಿಎಚ್‌ಡಿ, ಏನೂ ಮಾಡಲಾಗದು’ ಎನ್ನುವುದು ಕರುಣೆಯಲ್ಲ, ಅದೂ ನಾಚಿಕೆಯಿಂದ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ.

ನಮ್ಮ ಊರುಗಳ ಮಹಿಳಾ ಸಂಘಗಳಲ್ಲಿ ಕಟ್ಟುಪಾಡಿಗೂ ನಾಚಿಕೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ವಾರದ ಒಂದೇ ದಿನ, ಒಬ್ಬರ ಮನೆ ಜಗಲಿ, ಹತ್ತಿಪ್ಪತ್ತು ಜನ ಸುತ್ತ ಕೂತಿದ್ದಾರೆ, ಪುಸ್ತಕದಲ್ಲಿ ಅಲ್ಲೇ ಬರೆಯುತ್ತಾರೆ. ಒಬ್ಬಳೇ ಬ್ಯಾಂಕಿಗೆ ಹೋಗಿ ಕಟ್ಟುವ ಸಾಲದಲ್ಲಿ ಎಡವುವ ಹೆಣ್ಣುಮಗಳು ಇಲ್ಲಿ ವರ್ಷಗಟ್ಟಲೆ ತಪ್ಪದೆ ಕಟ್ಟಬಲ್ಲಳು, ಯಾಕೆಂದರೆ ದಿನ, ಜಾಗ, ಜನ ಮೂರೂ ಹೊರಗಿವೆ. ಅದೇ ಗುಂಪು ಸಾಲದಲ್ಲಿ, ಕಂತು ತಪ್ಪಿದವಳ ಮನೆ ಮುಂದೆ ನಿಂತು ಮಾನ ಕಳೆಯುವ ಪದ್ಧತಿ ಹೊಕ್ಕಾಗ ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಊರು ಬಿಟ್ಟವರಿಗೆಲ್ಲ ಎಡಿಎಚ್‌ಡಿ ಇತ್ತೆಂದು ನಾನು ಹೇಳುತ್ತಿಲ್ಲ, ಅವರ ಕಷ್ಟ ಬಡತನದ್ದು. ಕಟ್ಟುಪಾಡು ಬೇರೆ, ಅವಮಾನ ಬೇರೆ ಎಂದಷ್ಟೇ ಹೇಳುತ್ತಿದ್ದೇನೆ. ಮೊದಲನೆಯದು ಕಾಲ ಮೇಲೆ ನಿಲ್ಲಿಸುತ್ತದೆ, ಎರಡನೆಯದು ಓಡಿಸುತ್ತದೆ. ನಾವು ಎರಡನ್ನೂ ಒಟ್ಟಿಗೇ ಕೊಡುವುದನ್ನು ಶಿಸ್ತು ಎಂದು ಕರೆಯುತ್ತ ಬಂದಿದ್ದೇವೆ.

ಹಾಗಾದರೆ ದಿನನಿತ್ಯದಲ್ಲಿ ಏನು ಮಾಡಬಹುದು? ತಲೆಯೊಳಗೆ ಹೊರಬೇಕಾದ್ದನ್ನು ಹೊರಗೆ ಇಳಿಸುವುದು. ಗೋಡೆಗೆ ಮುಳ್ಳಿನ ದೊಡ್ಡ ಗಡಿಯಾರ ಬೇಕು. ಹೊತ್ತು ಸರಿಯುವುದು ಅದರಲ್ಲಿ ಕಾಣುತ್ತದೆ, ಮತ್ತು ಅದನ್ನು ನೋಡಲು ಹೋದವನು ಫೋನಿನಂತೆ ಅದರೊಳಗೆ ಕಳೆದುಹೋಗುವುದಿಲ್ಲ. ಬ್ಯಾಂಕಿನಿಂದ ತಾನಾಗಿಯೇ ಹೋಗುವ ಹಾಗೆ ಮಾಡಬಹುದಾದ ಕಂತುಗಳನ್ನೆಲ್ಲ ಸಂಬಳದ ಮರುದಿನಕ್ಕೆ ಹೊಂದಿಸಿಬಿಡಬೇಕು, ಆ ಲೆಕ್ಕದಲ್ಲಿ ನೆನಪಿಗೆ ಕೆಲಸವೇ ಇರಬಾರದು. ಬೀಗದ ಕೈ, ಗುರುತಿನ ಚೀಟಿ, ಹೆಲ್ಮೆಟ್ಟು ಮೂರೂ ಬಾಗಿಲ ಪಕ್ಕದ ಒಂದೇ ಮೊಳೆಗೆ. ಮಾತ್ರೆ ಹಲ್ಲುಜ್ಜುವ ಬ್ರಷ್ಷಿನ ಪಕ್ಕ. ಮೇಲ್ವಿಚಾರಕರು ಬಾಯಲ್ಲಿ ಹೇಳಿದ ಐದು ಕೆಲಸಗಳಲ್ಲಿ ಮೂರು ಗೇಟು ದಾಟುವಷ್ಟರಲ್ಲಿ ಹಾರಿಹೋಗುತ್ತವೆ ಎಂದು ಗೊತ್ತಿದ್ದ ಮೇಲೆ, ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಮೂರು ಪುಸ್ತಕ ಬೇಡ, ಒಂದೇ.

‘ಇನ್ನು ಮೇಲೆ ಸರಿಯಾಗಿರುತ್ತೇನೆ’ ಎಂಬ ಸಂಕಲ್ಪ ಈ ಮಿದುಳಿಗೆ ಹಿಡಿಯುವುದಿಲ್ಲ. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟ ‘ಹೀಗಾದಾಗ ಹೀಗೆ ಮಾಡುವೆ’ ಎಂಬ ರೂಪದ ಸಂಕಲ್ಪ ಹಿಡಿಯುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲೂ ಇದು ಕೆಲಸ ಮಾಡಿದ್ದನ್ನು ಅವರ ತಂಡ ದಾಖಲಿಸಿದೆ. ‘ಪಾಳಿ ಮುಗಿಸಿ ಬಂದು ಷೂ ಬಿಚ್ಚುವಾಗ, ನಾಳೆಯ ಬಟ್ಟೆ ತೆಗೆದಿಡುವೆ.’ ಷೂ ಬಿಚ್ಚುವುದು ಹೇಗೂ ನಡೆಯುವ ಕೆಲಸ, ಅದೇ ಎರಡನೆಯದನ್ನು ನೆನಪಿಸುತ್ತದೆ. ಇನ್ನು ಬೇಸರ ತರಿಸುವ ಕೆಲಸಗಳಿಗೆ, ಅಂದರೆ ಅರ್ಜಿ ತುಂಬುವುದು, ಲೆಕ್ಕ ಬರೆಯುವುದು ಇಂಥವಕ್ಕೆ, ಜೊತೆಗೆ ಒಬ್ಬರು ಕೂತಿದ್ದರೆ ಸಾಕು. ಅವರು ಅವರೆಕಾಳು ಬಿಡಿಸುತ್ತಿರಲಿ, ಏನೂ ಹೇಳದಿರಲಿ. ಬಯಲುಸೀಮೆಯ ಹೆಂಗಸರು ಕೆಲಸ ಹಿಡಿದುಕೊಂಡು ಪಕ್ಕದ ಮನೆ ಜಗಲಿಗೆ ಹೋಗಿ ಕೂರುವುದರಲ್ಲಿ ಈ ತಿಳಿವಳಿಕೆ ಮೊದಲಿನಿಂದಲೂ ಇದೆ. ಒಂಟಿ ರೂಮಿನಲ್ಲಿ ಬಾಡಿಗೆಗಿರುವ ಹುಡುಗನಿಗೆ ಅದು ಇಲ್ಲ, ಅವನು ಹುಡುಕಿಕೊಳ್ಳಬೇಕು.

ಎಲ್ಲ ಉಪಾಯಗಳೂ ಹಳಸುತ್ತವೆ. ಗೋಡೆಗೆ ಅಂಟಿಸಿದ ಚೀಟಿ ತಿಂಗಳಾದ ಮೇಲೆ ಗೋಡೆಯ ಬಣ್ಣದಲ್ಲಿ ಸೇರಿಹೋಗುತ್ತದೆ. ಅಲಾರಂ ಬಡಿದರೂ ಕೈ ತಾನಾಗಿಯೇ ಅದನ್ನು ನಿಲ್ಲಿಸುತ್ತದೆ. ಹೊಸತು ಎಂಬ ಕಾರಣಕ್ಕೇ ಹಿಡಿಸಿದ್ದು ಹಳತಾದಾಗ ಬಿಡುವುದು ಈ ಸ್ಥಿತಿಯ ಸ್ವಭಾವ. ಜೊತೆಗೆ ಲಕ್ಷಣಗಳೂ ಏರುತ್ತ ಇಳಿಯುತ್ತ ಇರುತ್ತವೆ. ಅಮೆರಿಕದಲ್ಲಿ ಬಾಲ್ಯದಲ್ಲೇ ಗುರುತಿಸಿದ 558 ಮಂದಿಯನ್ನು ಹದಿನಾರು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸುಮಾರು ಮೂರನೇ ಎರಡು ಪಾಲು ಜನರಲ್ಲಿ ತೊಂದರೆ ಕೆಲವು ವರ್ಷ ತಗ್ಗಿ ಮತ್ತೆ ತಲೆಯೆತ್ತಿತ್ತು. ಪೂರ್ತಿ ಹೋಗಿ ಮರಳಿ ಬಾರದವರು ಶೇ. 9ರಷ್ಟು ಮಾತ್ರ. ಆದ್ದರಿಂದ ಒಳ್ಳೆಯ ಎರಡು ವರ್ಷದ ನಂತರ ಎಲ್ಲ ಕುಸಿದರೆ ಅದಕ್ಕೆ ಆಸಕ್ತಿ ಇಳಿದದ್ದಾಗಲಿ, ಸೊಕ್ಕು ಬಂದದ್ದಾಗಲಿ ಕಾರಣವಾಗಬೇಕಿಲ್ಲ. ತನ್ನನ್ನು ಬೈದುಕೊಳ್ಳುವವನು ಈ ಹಂತದಲ್ಲಿ ‘ಇದೂ ಆಗಲಿಲ್ಲ’ ಎಂದು ಎಲ್ಲವನ್ನೂ ಬಿಡುತ್ತಾನೆ. ತನ್ನ ಸ್ವಭಾವ ತಿಳಿದವನು ಚೀಟಿಯ ಬಣ್ಣ ಬದಲಿಸುತ್ತಾನೆ, ಜಾಗ ಬದಲಿಸುತ್ತಾನೆ, ಬೇರೆ ಉಪಾಯ ಹುಡುಕುತ್ತಾನೆ. ಕರುಣೆಯಿಲ್ಲದೆ ಉಪಾಯ ಬಾಳುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದು ಈ ಕಾರಣಕ್ಕೆ. ಇವರ ಬದುಕಿನಲ್ಲಿ ಮತ್ತೆ ಶುರು ಮಾಡುವುದೇ ಹೆಚ್ಚು ಸಲ ಮಾಡಬೇಕಾದ ಕೆಲಸ.

ಔಷಧದ ವಿಷಯದಲ್ಲಿ ಅನಗತ್ಯ ಭಯವಿದೆ. ಮೀಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್ ನಮ್ಮ ದೇಶದಲ್ಲಿ ಬಳಕೆಯಲ್ಲಿವೆ. ಮೊದಲನೆಯದು ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ವ್ಯಾಪ್ತಿಯಲ್ಲಿ ಬರುವುದರಿಂದ ವೈದ್ಯರ ಚೀಟಿಯಿಲ್ಲದೆ ಸಿಗಬಾರದು. ರಕ್ತದೊತ್ತಡ, ಹೃದಯ ಬಡಿತ ನೋಡಿಯೇ ಕೊಡುತ್ತಾರೆ, ಎಲ್ಲರಿಗೂ ಒಗ್ಗುವುದೂ ಇಲ್ಲ. ಆದರೆ ಒಗ್ಗಿದವರಿಗೆ ಅದು ಮಾಡುವ ಉಪಕಾರ ಸಣ್ಣದಲ್ಲ. ಅಮೆರಿಕದ 23 ಲಕ್ಷ ರೋಗಿಗಳ ದಾಖಲೆ ನೋಡಿದ 2017ರ ಅಧ್ಯಯನದಲ್ಲಿ, ಔಷಧ ತೆಗೆದುಕೊಂಡ ತಿಂಗಳುಗಳಲ್ಲಿ ವಾಹನ ಅಪಘಾತದ ಅಪಾಯ ಗಂಡಸರಲ್ಲಿ ಶೇ. 38, ಹೆಂಗಸರಲ್ಲಿ ಶೇ. 42 ಕಡಿಮೆಯಿತ್ತು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಮಂಪರಿನಲ್ಲಿ ಬೈಕು ಓಡಿಸಿಕೊಂಡು ಊರಿಗೆ ಹೋಗುವವರ ಜಿಲ್ಲೆಯಲ್ಲಿ ಈ ಅಂಕಿ ಓದಿ ಸುಮ್ಮನಿರಲು ನನಗಾಗುವುದಿಲ್ಲ. ಎಡಿಎಚ್‌ಡಿ ಇರುವ ಅನೇಕರಿಗೆ ನಿದ್ದೆಯ ಹೊತ್ತು ಮೊದಲೇ ತಡವಾಗಿ ಸರಿದಿರುತ್ತದೆ. ವಾರಕ್ಕೊಮ್ಮೆ ಬದಲಾಗುವ ಪಾಳಿ ಅದನ್ನು ಇನ್ನಷ್ಟು ಕೆಡಿಸುತ್ತದೆ.

ತೋರಿಸಿಕೊಳ್ಳುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಮೊದಲಿಗಿಂತ ಹತ್ತಿರದಲ್ಲಿದೆ. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯಕೀಯ ಸೇವೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ರಾಜ್ಯ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ಕುಗಳನ್ನು ರಾಜ್ಯ ಸರ್ಕಾರ ಆರಂಭಿಸಿತು. ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಆಸ್ಪತ್ರೆಗೆ ಹೋಗುವಾಗ ಅವ್ವನನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಹನ್ನೆರಡು ವರ್ಷದೊಳಗಿನ ಸಂಗತಿ ವೈದ್ಯರು ಕೇಳುತ್ತಾರೆ, ಸ್ಲೇಟು ಎಷ್ಟು ಸಲ ಕಳೆದೆ ಎಂಬುದು ಮನೆಯವರಿಗೇ ನೆನಪಿರುತ್ತದೆ. ಹಳೆಯ ಅಂಕಪಟ್ಟಿಗಳಿದ್ದರೆ ಅವೂ ಇರಲಿ. ಥೈರಾಯ್ಡ್, ಖಿನ್ನತೆ, ಆತಂಕ, ನಿದ್ದೆಯ ತೊಂದರೆ, ಕುಡಿತ ಇವೆಲ್ಲ ಇದೇ ವೇಷದಲ್ಲಿ ಬರಬಲ್ಲವು, ಇದರ ಜೊತೆಗೂ ಬರಬಲ್ಲವು. ಫೋನಿನಲ್ಲಿ ಒಂದು ವಿಡಿಯೋ ನೋಡಿ ತೀರ್ಮಾನಿಸಿಕೊಳ್ಳುವ ವಿಷಯವಲ್ಲ ಇದು.

ಹೆಂಗಸರು ಆಸ್ಪತ್ರೆಯವರೆಗೆ ಬರುವುದೇ ಅಪರೂಪ. ಹುಡುಗಿಯರಲ್ಲಿ ಓಡಾಟ, ಗದ್ದಲಕ್ಕಿಂತ ಒಳಗೇ ಕಳೆದುಹೋಗುವುದು ಹೆಚ್ಚು, ತರಗತಿಯಲ್ಲಿ ಸುಮ್ಮನೆ ಕೂತವಳನ್ನು ಯಾವ ಮೇಷ್ಟರೂ ದೂರುವುದಿಲ್ಲ. ಮದುವೆಯಾದ ಮೇಲೆ ಅವಳ ತಲೆಯ ಮೇಲೆ ಬೀಳುವುದು ತನ್ನ ತಾರೀಖುಗಳಷ್ಟೇ ಅಲ್ಲ, ಇಡೀ ಮನೆಯವು. ಅತ್ತೆಯ ಮಾತ್ರೆ, ಮಕ್ಕಳ ಫೀಸು, ಹಬ್ಬದ ಪಡಿ, ಪಡಿತರದ ಅಂಗಡಿ ತೆಗೆಯುವ ದಿನ. ಗಂಡ ಮರೆತರೆ ‘ಗಂಡಸರೇ ಹಾಗೆ’ ಎಂದು ನಕ್ಕುಬಿಡುವ ಮನೆಯಲ್ಲಿ ಅವಳು ಮರೆತರೆ ತವರಿನವರೆಗೆ ಮಾತು ಹೋಗುತ್ತದೆ. ಈ ಅನ್ಯಾಯಕ್ಕೆ ಗಡಿಯಾರ, ಚೀಟಿಗಳ ಪರಿಹಾರ ಸಾಲದು. ಆ ತಾರೀಖುಗಳಲ್ಲಿ ಅರ್ಧವನ್ನು ಮನೆಯ ಇತರರು ಹೊರಬೇಕು.

ಕಾರ್ಖಾನೆಗಳಿಗೂ ಮಾಡಲಿಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದು ವಿಧಗಳ ಪಟ್ಟಿಯಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆಯಿದೆ, ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆ ಪಟ್ಟಿ ಬದಲಾಗಲಿ ಎಂದು ಒತ್ತಾಯಿಸಬೇಕು, ಅದು ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕೇಳಿದವರಿಗೆ ಒಂದೇ ಪಾಳಿಯಲ್ಲಿ ತಿಂಗಳುಗಟ್ಟಲೆ ಇರಲು ಬಿಡುವುದು, ಬಾಯಲ್ಲಿ ಹೇಳಿದ ಕೆಲಸವನ್ನು ಯಂತ್ರದ ಪಕ್ಕದ ಹಲಗೆಯ ಮೇಲೆ ಬರೆದಿಡುವುದು, ತಿಂಗಳ ಪಾಳಿ ಪಟ್ಟಿಯನ್ನು ಒಂದನೇ ತಾರೀಖಿಗೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕುವುದು. ಇವುಗಳಲ್ಲಿ ಯಾವುದಕ್ಕೂ ವೈದ್ಯರ ಪ್ರಮಾಣಪತ್ರ ಬೇಕಿಲ್ಲ, ಎಡಿಎಚ್‌ಡಿ ಇಲ್ಲದವನಿಗೂ ಇದರಿಂದ ಅನುಕೂಲವೇ. ತಡವಾಗಿ ಬಂದವನನ್ನು ಎಲ್ಲರ ಮುಂದೆ ನಿಲ್ಲಿಸಿ ಮಾತಾಡುವ ಮೇಲ್ವಿಚಾರಕರು ಅದನ್ನು ಬಿಟ್ಟು, ಪಕ್ಕಕ್ಕೆ ಕರೆದು ‘ಬೆಳಿಗ್ಗೆ ಎಲ್ಲಿ ತಡವಾಗುತ್ತೆ ಹೇಳಪ್ಪ’ ಎಂದು ಕೇಳಿದರೆ, ಮಾತು ಬಸ್ಸಿನ ಹೊತ್ತಿನದೋ ನಿದ್ದೆಯದೋ ಬೀಗದ ಕೈಯದೋ ಆಗುತ್ತದೆ. ಅದನ್ನು ಇಬ್ಬರೂ ಕೂತು ಸರಿಮಾಡಬಹುದು.